ಕಿವಿರು ಎತ್ತಿ ನೋಡುವಾಗ

ನಮ್ಮೂರು ಬಯಲುಸೀಮೆಯದು. ಮೀನೆಂದರೆ ಅಲ್ಲಿ ಕೆರೆ ತುಂಬಿದ ವರ್ಷ ಸಿಗುವ ಕಾಟ್ಲಾ, ರೋಹು. ಸಂಶೋಧನೆಗೆಂದು ಉಡುಪಿಗೆ ಬಂದು ಬಾಡಿಗೆ ಕೋಣೆ ಹಿಡಿದ ಮೇಲೆಯೇ ಬಂಗುಡೆ, ಬೂತಾಯಿ, ಕಾಣೆ, ಅಂಜಲ್ ಎಂಬ ಹೆಸರುಗಳು ನನ್ನ ಬಾಯಿಗೆ ಬಂದದ್ದು. ಮೀನು ಆರಿಸುವುದನ್ನು ಕಲಿಸಿದವನು ಜೊತೆಗಿದ್ದ ಗೆಳೆಯ. ಕಣ್ಣು ಉಬ್ಬಿ ಹೊಳೆಯುತ್ತಿರಬೇಕು, ಒಳಗೆ ಕುಸಿದಿರಬಾರದು. ಕಿವಿರು ಎತ್ತಿದರೆ ಒಳಗೆ ಕೆಂಪಿರಬೇಕು. ಬೆರಳಿನಿಂದ ಒತ್ತಿದರೆ ಮಾಂಸ ಮತ್ತೆ ಮೇಲೆ ಬರಬೇಕು. ‘ಸಮುದ್ರದ ವಾಸನೆ ಬಂದರೆ ತಗೋ, ಮೀನಿನ ವಾಸನೆ ಬಂದರೆ ಬಿಡು’ ಎಂಬುದು ಅವನ ಕೊನೆಯ ಪಾಠ.

ಈ ಪರೀಕ್ಷೆಗಳಿಗೆಲ್ಲ ಒಂದು ಮಿತಿಯಿದೆ. ಬಂಗುಡೆಯ ಜಾತಿಯ ಮೀನನ್ನು ಹಿಡಿದ ಮೇಲೆ ಐಸಿಲ್ಲದೆ ಹೊತ್ತು ಕಳೆದರೆ ಅದರಲ್ಲಿ ಹಿಸ್ಟಮಿನ್ ಸೇರಿಕೊಳ್ಳುತ್ತದೆ. ಎಷ್ಟು ಕುದಿಸಿದರೂ ಅದು ಹೋಗುವುದಿಲ್ಲ, ಕಣ್ಣಿಗೂ ಕಾಣುವುದಿಲ್ಲ. ದೋಣಿಯಿಂದ ಬುಟ್ಟಿಯವರೆಗೆ ಮೀನು ಎಷ್ಟು ಹೊತ್ತು ಎಲ್ಲಿತ್ತೆಂದು ಬಲ್ಲವಳು ಮಾರುವವಳು, ನಾನಲ್ಲ. ಹಾಗಾಗಿ ಎಷ್ಟೇ ಕಿವಿರು ಎತ್ತಿ ನೋಡಿದರೂ ಕೊನೆಗೆ ಒಬ್ಬರ ಮಾತನ್ನು ನಂಬಿಯೇ ಮೀನು ತರಬೇಕು.

ನಾನು ನಂಬಿದ್ದು ಮಾರುಕಟ್ಟೆಯ ಮೂಲೆಯಲ್ಲಿ ಕೂರುವ ಒಬ್ಬ ಅಕ್ಕನನ್ನು. ಕಳೆದ ಜುಲೈಯಲ್ಲಿ ಒಂದು ದಿನ ಬಂಗುಡೆಗೆ ಕೈ ಹಾಕಿದೆ. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಮಾರುಕಟ್ಟೆಗೆ ಬರುವುದು ನಾಡದೋಣಿಯ ಅಷ್ಟಿಷ್ಟು ಮೀನು, ಇಲ್ಲವೇ ಹೊರಗಿನಿಂದ ಐಸಿನಲ್ಲಿ ಬಂದದ್ದು. ಅಕ್ಕ ನನ್ನ ಕೈ ತಡೆದಳು. “ಅದು ಬೇಡ ಮಾರಾಯ, ನಿನ್ನೆಯದ್ದು. ಬೂತಾಯಿ ಕೊಂಡುಹೋಗು.”

ಇದನ್ನು ಕೋಣೆಯಲ್ಲಿ ಹೇಳಿದಾಗ ಗೆಳೆಯ ನಕ್ಕ. “ಅದು ಒಳ್ಳೆಯತನವಲ್ಲ, ವ್ಯಾಪಾರ. ನೀನು ನಾಳೆಯೂ ಬರಬೇಕಲ್ಲ?” ಅವನು ತತ್ವಶಾಸ್ತ್ರದ ವಿದ್ಯಾರ್ಥಿ. ಇಮ್ಯಾನುಯೆಲ್ ಕಾಂಟ್ 1785ರಲ್ಲಿ ನೀತಿಯ ತಳಹದಿಯ ಬಗ್ಗೆ ಬರೆದ ಪುಸ್ತಕದಲ್ಲಿ ಒಬ್ಬ ಅಂಗಡಿಯವನು ಬರುತ್ತಾನೆ. ಅವನು ಏನೂ ತಿಳಿಯದ ಗಿರಾಕಿಗೂ ಹೆಚ್ಚಿನ ಬೆಲೆ ಹೇಳುವುದಿಲ್ಲ. ಮಗು ಬಂದರೂ ಅದೇ ದರ. ಆದರೆ ಹೀಗಿದ್ದರೆ ವ್ಯಾಪಾರ ಚೆನ್ನಾಗಿ ನಡೆಯುತ್ತದೆಂಬ ಲೆಕ್ಕದಿಂದ ಅವನು ಪ್ರಾಮಾಣಿಕನಾಗಿದ್ದರೆ, ಅವನ ನಡತೆ ಸರಿಯಿದ್ದರೂ ಅದಕ್ಕೆ ನೈತಿಕ ಬೆಲೆಯಿಲ್ಲ ಎನ್ನುತ್ತಾನೆ ಕಾಂಟ್. ಕರ್ತವ್ಯವೆಂದು ಮಾಡಿದ್ದಕ್ಕಷ್ಟೇ ಆ ಬೆಲೆ. ಗೆಳೆಯನ ಮಾತಿಗೆ ಆ ದಿನ ನನ್ನಲ್ಲಿ ಉತ್ತರವಿರಲಿಲ್ಲ.

ಅದಾಗಿ ವಾರ ಕಳೆದಿರಬೇಕು. ಜೋರು ಮಳೆ, ಮಾರುಕಟ್ಟೆಯಲ್ಲಿ ನೂಕುನುಗ್ಗಲು. ನೂರು ರೂಪಾಯಿಯ ಮೀನಿಗೆ ಇನ್ನೂರರ ನೋಟು ಕೊಟ್ಟೆ. ಐನೂರು ಕೊಟ್ಟೆನೆಂದುಕೊಂಡು ಅಕ್ಕ ನಾನ್ನೂರು ವಾಪಸು ಕೊಟ್ಟಳು. ಮನೆಗೆ ಬಂದ ಮೇಲೆ ಗೊತ್ತಾಯಿತೆಂದು ಬರೆದರೆ ನನಗೆ ಅನುಕೂಲ. ಆದರೆ ಅದು ಸುಳ್ಳು. ನೋಟುಗಳು ಕೈಗೆ ಬಿದ್ದ ಕೂಡಲೇ ಗೊತ್ತಾಗಿತ್ತು. ನನ್ನ ಹಿಂದೆ ನಾಲ್ಕು ಜನ ಕಾಯುತ್ತಿದ್ದರು, ಶಿಷ್ಯವೇತನ ಬಂದು ಮೂರು ತಿಂಗಳಾಗಿತ್ತು. ನೋಟು ಮಡಚಿ ಜೇಬಿಗಿಟ್ಟು ಕೊಡೆ ಬಿಚ್ಚಿಕೊಂಡು ಹೊರಟೆ.

ಮುಂದಿನ ಹತ್ತು ದಿನ ಆ ಮೂಲೆಯ ಕಡೆ ಹೋಗಲಿಲ್ಲ. ಬೇರೆಯವರ ಬಳಿ ಮೀನು ತಂದೆ. ಆಗ ನನ್ನ ಕೈ ಮಾಡುತ್ತಿದ್ದ ಒಂದು ಕೆಲಸ ನನಗೇ ಕಂಡಿತು. ಒಂದೊಂದು ಮೀನಿನ ಕಿವಿರನ್ನೂ ಎತ್ತಿ ಎತ್ತಿ ನೋಡುತ್ತಿದ್ದೆ. ಹೇಳಿದ ಬೆಲೆಯೆಲ್ಲ ಮೋಸವೆನಿಸಿ ಚೌಕಾಸಿಗೆ ನಿಲ್ಲುತ್ತಿದ್ದೆ. ಮೋಸ ಮಾಡಿದವನು ನಾನು, ಅನುಮಾನ ಮಾತ್ರ ಎದುರಿನವರ ಮೇಲೆ.

ಆಗ ಹೊಳೆದದ್ದು ಇಷ್ಟು. ಕಾಂಟ್‌ನ ಉದಾಹರಣೆಯಲ್ಲಿ ಪರೀಕ್ಷೆಗೆ ನಿಂತವನು ಮಾರುವವನು ಮಾತ್ರ. ತಕ್ಕಡಿ, ಬೆಲೆ, ಮನಸ್ಸು ಎಲ್ಲವೂ ಅವನದೇ. ಕೊಳ್ಳುವವನ ಪ್ರಾಮಾಣಿಕತೆ ಆ ಕಥೆಯಲ್ಲಿ ಪ್ರಶ್ನೆಯೇ ಅಲ್ಲ. ನಾವೂ ದಿನವೂ ಹಾಗೆಯೇ ನೋಡುತ್ತೇವೆ. ಆದರೆ ನಸುಕಿಗೆ ಎದ್ದು ಮಲ್ಪೆಯ ಏಲಂನಲ್ಲಿ ತನ್ನ ದುಡ್ಡು ಹಾಕಿ ಮೀನು ಹಿಡಿದು ತರುವವಳೂ ನನ್ನನ್ನು ನಂಬಿದ್ದಳು. ನನ್ನ ಕಿವಿರು ಎತ್ತಿ ನೋಡಲು ಅವಳಿಗೆ ದಾರಿಯಿರಲಿಲ್ಲ.

ಮಾನವಶಾಸ್ತ್ರಜ್ಞ ಕ್ಲಿಫರ್ಡ್ ಗೀರ್ಟ್ಸ್ ಮೊರಾಕ್ಕೋದ ಸೆಫ್ರೂ ಪಟ್ಟಣದ ಸಂತೆಯ ಬಗ್ಗೆ 1978ರಲ್ಲಿ ಬರೆದ ಲೇಖನವೊಂದಿದೆ. ಸರಕಿನ ಗುಣ, ಬೆಲೆ ಯಾವುದೂ ಖಚಿತವಿಲ್ಲದ ಕಡೆ ಜನ ಅಂಗಡಿ ಅಂಗಡಿ ಅಲೆಯುವುದಿಲ್ಲ, ಗುರುತಿನವರ ಬಳಿಗೇ ಮತ್ತೆ ಮತ್ತೆ ಹೋಗುತ್ತಾರೆ ಎಂಬುದು ಅವರು ಕಂಡದ್ದು. ನಮ್ಮ ಮಾತಿನಲ್ಲಿ ಖಾಯಂ ಗಿರಾಕಿ. ಇಂಥ ಸಂಬಂಧದಲ್ಲಿ ಲಾಭ ಎಲ್ಲಿ ಮುಗಿಯಿತು, ಒಳ್ಳೆಯತನ ಎಲ್ಲಿ ಶುರುವಾಯಿತು ಎಂದು ಗೆರೆ ಎಳೆಯುವುದು ಹೇಗೆ? “ಅದು ಬೇಡ ಮಾರಾಯ” ಎಂದಾಗ ಅಕ್ಕನ ಮನಸ್ಸಿನಲ್ಲಿ ನಾಳೆಯ ವ್ಯಾಪಾರವೂ ಇದ್ದೀತು, ನನ್ನ ಹೊಟ್ಟೆಯ ಚಿಂತೆಯೂ ಇದ್ದೀತು. ಒಂದಿದ್ದ ಮಾತ್ರಕ್ಕೆ ಇನ್ನೊಂದು ಸುಳ್ಳಾಗುವುದಿಲ್ಲ.

ಹನ್ನೊಂದನೆಯ ದಿನ ಹೋಗಿ ಮುನ್ನೂರು ರೂಪಾಯಿ ಅವಳ ಮುಂದಿಟ್ಟು ವಿಷಯ ಹೇಳಿದೆ. ಯಾಕೆ ಹೋದೆ? ಕರ್ತವ್ಯವೆಂದೇ? ಒಳಗಿನ ಇರಿತ ತಾಳಲಾರದೆಯೇ? ಇಲ್ಲ, ಅಷ್ಟು ಒಳ್ಳೆಯ ಮೀನು ಇನ್ನೆಲ್ಲೂ ಸಿಗದೆಯೇ? ಮೂರೂ ಇದ್ದವು. ಯಾವುದು ನನ್ನನ್ನು ಎಳೆದುಕೊಂಡು ಹೋಯಿತೆಂದು ಈಗಲೂ ಹೇಳಲಾರೆ. ವಿಚಿತ್ರವೆಂದರೆ ಕಾಂಟ್ ಕೂಡ ಇದನ್ನು ಒಪ್ಪುತ್ತಾನೆ. ನಮ್ಮನ್ನು ಎಷ್ಟೇ ಕಟ್ಟುನಿಟ್ಟಾಗಿ ಪರೀಕ್ಷಿಸಿಕೊಂಡರೂ ಒಳ್ಳೆಯ ಕೆಲಸದ ಹಿಂದೆ ಸ್ವಾರ್ಥ ಅಡಗಿರಲಿಲ್ಲವೆಂದು ಖಚಿತವಾಗಿ ಹೇಳಲಾಗದು ಎಂಬ ಮಾತು ಅದೇ ಪುಸ್ತಕದಲ್ಲಿ ಮುಂದೆ ಬರುತ್ತದೆ. ಗೆಳೆಯನಿಗೆ ಈಗ ನಾನು ಹೇಳುವುದು ಇದನ್ನೇ. ನನ್ನ ಮನಸ್ಸೇ ನನಗೆ ಪೂರಾ ಕಾಣದಿರುವಾಗ, ಅವಳದು ಬರೀ ವ್ಯಾಪಾರವೆಂದು ತೀರ್ಪು ಕೊಡಲು ನಾವು ಯಾರು? ಉದ್ದೇಶದ ಪ್ರಶ್ನೆ ದೊಡ್ಡದೇ. ಆದರೆ ಅದನ್ನು ನಮ್ಮೊಳಗೆ ಕೇಳಿಕೊಳ್ಳಬೇಕು, ಬುಟ್ಟಿಯ ಹಿಂದೆ ಕೂತವರಿಗಲ್ಲ.

ಅಕ್ಕ ಬೈಯಲಿಲ್ಲ, ಹೊಗಳಲೂ ಇಲ್ಲ. ನೋಟುಗಳನ್ನು ಎಣಿಸಿ ಸೊಂಟದ ಚೀಲಕ್ಕೆ ಸೇರಿಸಿಕೊಂಡು, “ಆ ದಿನ ರಾತ್ರಿ ಎರಡು ಸಲ ಎಣಿಸಿದೆ. ದಿನದ ದುಡಿಮೆಯೇ ಹೋಗಿತ್ತು. ನನ್ನ ತಲೆಯೇ ಸರಿಯಿಲ್ಲ ಅಂದುಕೊಂಡೆ” ಎಂದಳು. ಅವಳು ನನ್ನ ಮೇಲೆ ಅನುಮಾನವನ್ನೇ ಪಟ್ಟಿರಲಿಲ್ಲ. ಹತ್ತು ದಿನ ಅನುಮಾನಪಟ್ಟದ್ದು ತನ್ನ ಮೇಲೆ. ಮುನ್ನೂರು ರೂಪಾಯಿಯ ಜೊತೆ ನಾನು ಅದನ್ನೂ ಕದ್ದಿದ್ದೆನೆಂದು ಅಲ್ಲಿಯವರೆಗೆ ತಿಳಿದಿರಲಿಲ್ಲ. ದುಡ್ಡನ್ನು ತಿರುಗಿ ಕೊಟ್ಟೆ. ಆ ಹತ್ತು ದಿನವನ್ನು ಕೊಡುವ ಬಗೆ ಹೇಗೆ?

“ಬಂಗುಡೆ ಇವತ್ತು ಒಳ್ಳೆಯದಿದೆ. ಬೇಕಾದರೆ ಕಿವಿರು ನೋಡು” ಎಂದಳು.

ನೋಡಲಿಲ್ಲ. ನೂರು ರೂಪಾಯಿಯನ್ನು ಚಿಲ್ಲರೆಯಲ್ಲೇ ಎಣಿಸಿ ಕೊಟ್ಟೆ.