ಕಟ್ಟಿದವನೊಬ್ಬ, ಹಾರಿದವನೊಬ್ಬ

ಎರಡು ಟ್ಯಾಂಕುಗಳಲ್ಲಿ ಯಾವುದರಿಂದ ಎಂಜಿನ್‌ಗೆ ಇಂಧನ ಹೋಗಬೇಕೆಂದು ನಿರ್ಧರಿಸುವ ಹಿಡಿಕೆ ಪೈಲಟ್‌ನ ಎಡಭುಜದ ಹಿಂದಿತ್ತು. ಅದನ್ನು ತಿರುಗಿಸಬೇಕೆಂದರೆ ಬಲಗಡೆಯ ಕಂಟ್ರೋಲ್ ಸ್ಟಿಕ್ ಕೈಬಿಟ್ಟು, ಭುಜದ ಬೆಲ್ಟ್ ಸಡಿಲಿಸಿ, ಮೈಯನ್ನು ಎಡಕ್ಕೆ ಪೂರಾ ಹೊರಳಿಸಿ ಬಲಗೈ ಚಾಚಬೇಕು. ಹೊರಳುವಾಗ ಬಲಗಾಲು ಆಸರೆ ಹುಡುಕುತ್ತ ತಾನಾಗಿ ರಡರ್ ಪೆಡಲನ್ನು ಒತ್ತಿಬಿಡುತ್ತದೆ. 1997ರ ಅಕ್ಟೋಬರ್ 12ರ ಸಂಜೆ ಕ್ಯಾಲಿಫೋರ್ನಿಯಾದ ಮಾಂಟೆರೆ ಕೊಲ್ಲಿಯಲ್ಲಿ ಗಾಯಕ ಜಾನ್ ಡೆನ್ವರ್ ವಿಮಾನ ಸಮೇತ ಬಿದ್ದು ಸತ್ತದ್ದು ಹೀಗೆಯೇ ಎಂದು ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ ತೀರ್ಮಾನಿಸಿತು.

ಅದು ಹವ್ಯಾಸಿಗಳು ನಕ್ಷೆ ನೋಡಿ ತಾವೇ ಕಟ್ಟಿಕೊಳ್ಳುವ ಲಾಂಗ್-ಈಝಿ ವಿಮಾನ. ಡೆನ್ವರ್ ಅದನ್ನು ಕಟ್ಟಿದ್ದಲ್ಲ, ಆಗಷ್ಟೇ ಕೊಂಡದ್ದು. ಅದರ ವಿನ್ಯಾಸಕ ಬರ್ಟ್ ರುಟಾನ್ ಬರೆದ ನಕ್ಷೆಯಲ್ಲಿ ಹಿಡಿಕೆಯ ಜಾಗ ಪೈಲಟ್‌ನ ಕಾಲುಗಳ ನಡುವೆ. ಕಟ್ಟಿದಾತ ಅದನ್ನು ಹಿಂದಕ್ಕೆ ಸರಿಸಿದ್ದ. ಉಡಾಫೆಯಿಂದಲ್ಲ, ಇಂಧನದ ಪೈಪುಗಳು ಕಾಕ್‌ಪಿಟ್ಟಿನೊಳಗೆ ಬರಬಾರದೆಂಬ ಎಚ್ಚರದಿಂದ. ಒಬ್ಬನ ಎಚ್ಚರವೇ ಇನ್ನೊಬ್ಬರ ಸಾವಿಗೆ ದಾರಿಯಾದರೆ ಆ ಫಲ ಯಾರದು?

‘ಮಾಡಿದ್ದುಣ್ಣೋ ಮಹಾರಾಯ’ ಎಂಬ ಗಾದೆಗೆ ಇಲ್ಲಿ ಕಾಲೂರಲು ಜಾಗವಿಲ್ಲ. ಮಾಡದ ಕರ್ಮದ ಫಲ ತಲೆಗೆ ಬರುವುದನ್ನು ಭಾರತದ ದಾರ್ಶನಿಕರು ಅಕೃತಾಭ್ಯಾಗಮ ಎಂದು ಕರೆದು, ದೊಡ್ಡ ದೋಷವೆಂದೇ ಎಣಿಸಿದರು. ಯಾವ ಸಿದ್ಧಾಂತವಾದರೂ ಆ ದೋಷಕ್ಕೆ ಎಡೆಕೊಟ್ಟರೆ ಅಲ್ಲಿಗೆ ಅದು ಸೋತಂತೆ.

ಅಮೆರಿಕದ ಕಾನೂನು ಹಿಡಿದಿರುವ ದಾರಿ ಬೇರೆ. ಅರ್ಧಕ್ಕಿಂತ ಹೆಚ್ಚು ಕೆಲಸವನ್ನು ಹವ್ಯಾಸಿಗಳೇ ಕಲಿಕೆಗೋ ಖುಷಿಗೋ ಮಾಡಿದ್ದರೆ ಆ ವಿಮಾನ ‘ಪ್ರಾಯೋಗಿಕ’. ಸಾಮಾನ್ಯ ವಿಮಾನಗಳ ಸುರಕ್ಷತಾ ನಿಯಮಗಳಿಗೆ ಇದು ಹೊಂದುವುದಿಲ್ಲ ಎಂಬ ಫಲಕ ಪ್ರಯಾಣಿಕರ ಕಣ್ಣಿಗೆ ಬೀಳುವಂತೆ ಒಳಗಿರಬೇಕು. ತತ್ತ್ವಚಿಂತಕ ಜಾನ್ ಸ್ಟೂಅರ್ಟ್ ಮಿಲ್ 1859ರಲ್ಲಿ ‘ಆನ್ ಲಿಬರ್ಟಿ’ಯಲ್ಲಿ ಹೇಳಿದ್ದೂ ಬಹುತೇಕ ಇದನ್ನೇ. ಸೇತುವೆ ಕುಸಿಯುವುದು ಖಚಿತವಲ್ಲ, ಅಪಾಯವಷ್ಟೇ ಇದೆ ಎಂದಾದರೆ ದಾಟುವವನಿಗೆ ಎಚ್ಚರಿಕೆ ಹೇಳಬಹುದು, ಬಲವಂತವಾಗಿ ತಡೆಯುವಂತಿಲ್ಲ.

ಡೆನ್ವರ್‌ಗೆ ಎಚ್ಚರಿಕೆ ಸಿಕ್ಕಿತ್ತು. ಅವರು ಅನುಭವಿ ಪೈಲಟ್. ಹಿಡಿಕೆ ಕೈಗೆಟುಕುವುದು ಕಷ್ಟ ಎಂದು ತಂತ್ರಜ್ಞನೊಂದಿಗೆ ಮಾತಾಡಿದ್ದರು. ಬೇಕಾದರೆ ಆಟೋಪೈಲಟ್ ಹಾಕಿಕೊಂಡು ತಿರುಗಿಸುತ್ತೇನೆ ಎಂದಿದ್ದರು. ಬೆನ್ನ ಹಿಂದಿನ ಇಂಧನ ಮಾಪಕ ನೋಡಲು ತಂತ್ರಜ್ಞ ಪುಟ್ಟ ಕನ್ನಡಿಯೊಂದನ್ನು ಕೊಟ್ಟಿದ್ದ. ಒಂದು ಗಂಟೆಯ ಹಾರಾಟವಷ್ಟೇ ಎಂದು ಇಂಧನ ತುಂಬಿಸಲಿಲ್ಲ. ಅವರ ಪೂರ್ವತಯಾರಿ ಸಾಲದಾಗಿತ್ತು ಎಂದೂ ಮಂಡಳಿ ಬರೆಯಿತು, ಅದು ನ್ಯಾಯವೇ.

ಆದರೂ ಮಿಲ್‌ನ ವಾದ ಇಲ್ಲಿ ಸಾಲದು. ನೆಲದ ಮೇಲೆ ನಿಂತು ‘ಗೊತ್ತು’ ಎನ್ನುವುದು ಒಂದು. ಕೆಲವೇ ನೂರು ಅಡಿ ಎತ್ತರದಲ್ಲಿ ಎಂಜಿನ್ ನಿಂತಾಗ ಕೈಕಾಲಿಗೆ ಗೊತ್ತಿರುವುದು ಇನ್ನೊಂದು. ವರ್ಷಗಟ್ಟಲೆ ಕಟ್ಟಿದವನ ಮೈಗೆ ಆ ತಿಳಿವಳಿಕೆ ಹತ್ತಿರುತ್ತದೆ. ಕೊಂಡವರಿಗೆ ಬರುವುದು ಫಲಕ ಮತ್ತು ಕಾಗದ ಮಾತ್ರ. ಡೆನ್ವರ್ ಕೈಗೆ ಬಂದ ಹಿಡಿಕೆಯ ಮೇಲಂತೂ ಗುರುತೇ ಇರಲಿಲ್ಲ.

ಇದು ಒಬ್ಬರ ದುರದೃಷ್ಟದ ಕಥೆಯೂ ಅಲ್ಲ. ಮಂಡಳಿಯ 2012ರ ಅಧ್ಯಯನದ ಪ್ರಕಾರ ಅಮೆರಿಕದ ಖಾಸಗಿ ವಿಮಾನಗಳಲ್ಲಿ ಹೀಗೆ ಹವ್ಯಾಸಿಗಳು ಕಟ್ಟಿದವು ಸುಮಾರು ಶೇ 10. 2011ರ ಮಾರಕ ಅಪಘಾತಗಳಲ್ಲಿ ಇವುಗಳ ಪಾಲು ಶೇ 21. ಆ ವರ್ಷ ಅಪಘಾತಕ್ಕೀಡಾದ ಇಂಥ ವಿಮಾನಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಬೇರೆಯವರಿಂದ ಕೊಂಡವು.

ಗ್ಯಾರೇಜಿನಲ್ಲಿ ತನ್ನ ರೆಕ್ಕೆಯನ್ನು ತಾನೇ ಕಟ್ಟಿಕೊಳ್ಳುವವನ ಸ್ವಾತಂತ್ರ್ಯ ದೊಡ್ಡದು, ಅದನ್ನು ಕಸಿಯುವುದು ತಪ್ಪು. ಆದರೆ ಮಾರಾಟದ ಸಹಿಯೊಂದಿಗೆ ಅವನ ಹೊಣೆ ಕಳಚಿಬೀಳುವುದಿಲ್ಲ. ಕೊಂಡವರ ಜೊತೆ ಗಂಟೆಗಟ್ಟಲೆ ಕೂತು ತನ್ನ ಮೈ ಕಲಿತದ್ದನ್ನು ದಾಟಿಸುವ ಋಣ ಅವನ ಮೇಲಿದೆ. ಹೊಸ ಮಾಲೀಕರಿಗೆ ತರಬೇತಿ ಸಿಗಬೇಕೆಂದು ಮಂಡಳಿಯೂ ಕೇಳಿತು. ಜೊತೆಗೆ ಕೂರುವ ಈ ಋಣಕ್ಕೆ ನಿಯಮದಲ್ಲೂ ಒಂದು ಮಾದರಿ ಇದೆ. ಹೊಸದಾಗಿ ಕಟ್ಟಿದ ವಿಮಾನದ ಪರೀಕ್ಷಾ ಹಾರಾಟದಲ್ಲಿ ಸಾಮಾನ್ಯವಾಗಿ ಪೈಲಟ್ ಒಬ್ಬನೇ ಇರಬೇಕಿತ್ತು. ಸತ್ತರೆ ಅವನೊಬ್ಬನೇ ಸಾಯಲಿ ಎಂಬ ಲೆಕ್ಕ. 2014ರಲ್ಲಿ ಅಮೆರಿಕದ ವಿಮಾನಯಾನ ಆಡಳಿತ ಆ ನಿಯಮವನ್ನು ಸಡಿಲಿಸಿತು. ಅಂಥ ವಿಮಾನ ಬಲ್ಲ ಇನ್ನೊಬ್ಬ ಪೈಲಟ್, ತನ್ನ ಜೀವವನ್ನೂ ಪಣಕ್ಕಿಟ್ಟು, ಈಗ ಜೊತೆಗೆ ಕೂರಬಹುದು.