ಶೀತಸಹನೆಯ ಮರ್ಯಾದೆ

ಚಳಿಯನ್ನು ಸಹಿಸುವುದು ಧರ್ಮವೋ, ಚಳಿಯಿಂದ ದೇಹವನ್ನು ಕಾಪಾಡಿಕೊಳ್ಳುವುದು ಧರ್ಮವೋ ಎಂಬ ಪ್ರಶ್ನೆ, ಎಳ್ಳಮಾವಾಸ್ಯೆಯ ಹೊತ್ತಿಗೆ ನಾಲ್ಕು ದಿನ ಥಂಡಿ ಬಿದ್ದು ಸಂಕ್ರಾಂತಿ ಕಳೆಯುತ್ತಲೇ ಬಿಸಿಲಿಗೆ ತಿರುಗುವ ಬೀಳಗಿ ಸೀಮೆಯವರಾದ ನಮಗೆ ಅಷ್ಟಾಗಿ ತಟ್ಟುವುದಿಲ್ಲ. ಬಾಡಗಂಡಿಯಲ್ಲಿ ಒಬ್ಬನ ತಾಳ್ಮೆಯನ್ನು ಪರೀಕ್ಷಿಸಬೇಕಾದರೆ ವೈಶಾಖದ ಮಧ್ಯಾಹ್ನವೇ ಸಾಕು. ಆದರೆ ನಮ್ಮ ಶಾಸ್ತ್ರಕಾರರು ಶೀತೋಷ್ಣಗಳನ್ನು ಯಾವಾಗಲೂ ಜೋಡಿಯಾಗಿಯೇ ಹೇಳಿದ್ದಾರೆ. ಜೋಡಿಯಲ್ಲಿ ಒಂದನ್ನು ಮಾತ್ರ ಬಲ್ಲವನು ವಿಚಾರದ ಅರ್ಧವನ್ನು ಮಾತ್ರ ಬಲ್ಲವನು. ಆದಕಾರಣ ಈ ಪ್ರಶ್ನೆಯನ್ನು, ಅದು ಅತ್ಯಂತ ತೀಕ್ಷ್ಣವಾಗುವ ಎಡೆಗೆ, ಎಂದರೆ ಧ್ರುವಪ್ರದೇಶದ ಹಿಮದ ಮೇಲೆ ಸೈಕಲ್ ತುಳಿಯುವವನ ಬಳಿಗೆ ಒಯ್ದು ವಿಚಾರಿಸುವುದು ಉಚಿತವೆಂದು ತೋರುತ್ತದೆ.

ಅಂಥವರು ಕಲ್ಪನೆಯ ವ್ಯಕ್ತಿಗಳಲ್ಲ. 1900ರಲ್ಲಿ, ಅಲಾಸ್ಕಾದ ನೋಮ್‌ನಲ್ಲಿ ಚಿನ್ನ ಸಿಕ್ಕಿತೆಂಬ ವಾರ್ತೆ ಕೇಳಿ, ಕೆನಡಾದ ಡಾಸನ್ ಪಟ್ಟಣದಿಂದ ಹೆಪ್ಪುಗಟ್ಟಿದ ಯೂಕಾನ್ ನದಿಯನ್ನೇ ದಾರಿಯಾಗಿ ಮಾಡಿಕೊಂಡು ಎಡ್ ಜೆಸ್ಸನ್ ಎಂಬಾತ ಸೈಕಲ್ ಹೊಡೆದನು. ಬೇರಿಂಗಿನ ಎಣ್ಣೆ ಗಟ್ಟಿಯಾಗಿ, ಟೈರಿನ ರಬ್ಬರು ಬಿರುಸಾಗಿ, ಸೈಕಲ್ಲು ಅವನನ್ನು ಹೊರುವುದರ ಬದಲು ಅವನೇ ಸೈಕಲ್ಲನ್ನು ತಳ್ಳಬೇಕಾದ ದಿನಗಳೂ ಬಂದವು. ಅದೇ ವರ್ಷ ಅದೇ ದಾರಿ ಹಿಡಿದ ಮ್ಯಾಕ್ಸ್ ಹಿರ್ಷ್‌ಬರ್ಗ್, ಚೈನು ತುಂಡಾದಾಗ ತೊಟ್ಟ ಕೋಟನ್ನೇ ಹಾಯಿಯಾಗಿ ಹರಡಿ ಗಾಳಿಯ ಬಲದಿಂದ ಮುಂದೆ ಸಾಗಿದನು. ನಮ್ಮ ಕಾಲದಲ್ಲಿ, 2013ರ ಡಿಸೆಂಬರ್ 27ರಂದು, ಬ್ರಿಟನ್ನಿನ ಮರಿಯಾ ಲೇಯರ್‌ಸ್ಟಾಮ್ ಎಂಬ ಮಹಿಳೆ, ಒರಗಿ ಕುಳಿತು ತುಳಿಯುವ ಮೂರು ಚಕ್ರದ ಸೈಕಲ್ಲಿನಲ್ಲಿ ಅಂಟಾರ್ಕ್ಟಿಕದ ಅಂಚಿನಿಂದ ಹೊರಟು ಹನ್ನೊಂದನೆಯ ದಿನ ದಕ್ಷಿಣ ಧ್ರುವವನ್ನು ಮುಟ್ಟಿದಳು. ಅಮೆರಿಕದ ಡೇನಿಯಲ್ ಬರ್ಟನ್ ಬೇರೆ ದಾರಿಯಿಂದ, ದಪ್ಪ ಟೈರಿನ ಎರಡು ಚಕ್ರದ ಸೈಕಲ್ಲಿನಲ್ಲಿ ಐವತ್ತು ದಿನಗಳಿಗೂ ಮಿಕ್ಕಿ ಹೆಣಗಿ, 2014ರ ಜನವರಿ 21ರಂದು ಅಲ್ಲಿಗೆ ತಲುಪಿದನು. ಸಮುದ್ರಮಟ್ಟದಿಂದ 2835 ಮೀಟರು ಎತ್ತರದಲ್ಲಿರುವ ಆ ಸ್ಥಳದಲ್ಲಿ ನಡುಬೇಸಿಗೆಯಲ್ಲಿಯೂ ಉಷ್ಣಮಾನ ಸೊನ್ನೆಗಿಂತ ಸುಮಾರು 25 ಡಿಗ್ರಿ ಕೆಳಗೇ ಇರುತ್ತದೆ.

ಇಂಥ ಸವಾರನಿಗೆ ಆಕಾಶದಿಂದ ಬಂದ ಚಳಿಯ ಜೊತೆಗೆ ಇನ್ನೆರಡು ಶತ್ರುಗಳುಂಟು. ಎರಡೂ ಅವನಿಂದಲೇ ಹುಟ್ಟಿದವು. ಮೊದಲನೆಯದು ಗಾಳಿ. ಸೊನ್ನೆಗಿಂತ 30 ಡಿಗ್ರಿ ಕೆಳಗಿನ, ಗಾಳಿಯಿಲ್ಲದ ದಿನದಲ್ಲಿ ಸುಮ್ಮನೆ ನಿಂತವನಿಗೆ ಅಷ್ಟೇ ಚಳಿ. ಗಂಟೆಗೆ 10 ಕಿಲೋಮೀಟರು ವೇಗದಿಂದ ಸಾಗುವವನ ಮುಖಕ್ಕೆ ಮಾತ್ರ ಸೊನ್ನೆಗಿಂತ 39 ಡಿಗ್ರಿ ಕೆಳಗಿನ ಚಳಿ ಬಡಿಯುತ್ತದೆ. ವೇಗ ಇಮ್ಮಡಿಯಾದರೆ ಅದು 43ಕ್ಕೆ ಇಳಿಯುತ್ತದೆ. ಎರಡನೆಯದು ಬೆವರು. ನಮ್ಮ ಜಾತ್ರೆಗಳ ಸೈಕಲ್ ಶರ್ಯತ್ತಿನಲ್ಲಿ ತೊಟ್ಟ ಬನಿಯನ್ನು ಹಿಂಡುವಷ್ಟು ಬೆವರಿದವನನ್ನು ಜನ ಹೆಗಲ ಮೇಲೆ ಹೊರುತ್ತಾರೆ. ಧ್ರುವದಲ್ಲಿ ಅದೇ ಬೆವರು ಒಳಅಂಗಿಯನ್ನು ತೋಯಿಸಿ, ತುಳಿಯುವುದನ್ನು ನಿಲ್ಲಿಸಿದೊಡನೆ ಮೈಯ ಕಾವನ್ನೆಲ್ಲ ಹೀರಿ, ಹೆಪ್ಪುಗಟ್ಟತೊಡಗುತ್ತದೆ. ಆದ್ದರಿಂದ ಬಲ್ಲ ಸವಾರನು ಏರು ಬರುವ ಮೊದಲೇ ಕೊರಳ ಜಿಪ್ಪನ್ನು ಸಡಿಲಿಸುತ್ತಾನೆ, ಟೊಪ್ಪಿಗೆಯನ್ನು ಹಿಂದಕ್ಕೆ ಸರಿಸುತ್ತಾನೆ, ಇನ್ನೂ ಜೋರಾಗಿ ತುಳಿಯಬಲ್ಲ ಕಾಲುಗಳನ್ನು ತಡೆದು ಹಿಡಿಯುತ್ತಾನೆ. ನಿಂತಾಗ ಮೊದಲು ಒಣ ಕೋಟನ್ನು ಮೈಮೇಲೆ ಎಳೆದುಕೊಂಡು ಆಮೇಲೆ ನೀರಿನ ಬಾಟಲಿಗೆ ಕೈಹಾಕುತ್ತಾನೆ. ಸ್ವಲ್ಪ ಚಳಿಯನ್ನು ತಾನಾಗಿ ಒಪ್ಪಿಕೊಂಡರೆ ಮಾತ್ರ ಮಾರಕವಾದ ಚಳಿಯಿಂದ ತಪ್ಪಿಸಿಕೊಳ್ಳಬಹುದೆಂಬುದು ಅವನ ವಿದ್ಯೆಯ ಸಾರ.

ಇಲ್ಲಿ ನನಗೆ ನಮ್ಮ ನೆರೆಯ ಮುಧೋಳದ ರನ್ನನ ನೆನಪಾಗುತ್ತದೆ. ಬಳೆಗಾರರ ಮನೆಯಲ್ಲಿ ಹುಟ್ಟಿ, ಹತ್ತನೆಯ ಶತಮಾನದಲ್ಲಿ ಚಾಲುಕ್ಯರ ಆಸ್ಥಾನದಲ್ಲಿ ಕವಿಚಕ್ರವರ್ತಿಯೆನಿಸಿದ ಆತನ ಗದಾಯುದ್ಧದಲ್ಲಿ, ಸರ್ವವನ್ನೂ ಕಳೆದುಕೊಂಡ ದುರ್ಯೋಧನನು ವೈಶಂಪಾಯನ ಸರೋವರದೊಳಗೆ ಅಡಗಿರುವಾಗ ದಡದಿಂದ ಭೀಮನ ಗರ್ಜನೆ ಕೇಳಿಬರುತ್ತದೆ. ಸುತ್ತುವರಿದ ಜಲರಾಶಿಯ ತಂಪೆಲ್ಲ ಸೇರಿದರೂ ಆ ಅಭಿಮಾನಿಯ ಮೈಯಲ್ಲಿ ಒಡೆದ ಬೆವರನ್ನು ತಡೆಯಲಾಗುವುದಿಲ್ಲ. ದೇಹವನ್ನು ತಣ್ಣಗಿಟ್ಟ ಮಾತ್ರಕ್ಕೆ ಒಳಗಿನ ಉರಿ ಆರುವುದಿಲ್ಲವೆಂಬುದನ್ನು ಇದಕ್ಕಿಂತ ಸಂಕ್ಷೇಪವಾಗಿ ಯಾವ ಧರ್ಮಗ್ರಂಥವೂ ಹೇಳಿರಲಾರದು. ಶೀತವನ್ನು ಗೆಲ್ಲುತ್ತೇನೆಂಬ ಛಲದಿಂದ ಮಿತಿಮೀರಿ ತುಳಿಯುವವನೂ ಅದೇ ಸರೋವರದಲ್ಲಿ ಮುಳುಗಿದವನು.

ಹಾಗಾದರೆ ಶಾಸ್ತ್ರಗಳು ತಿತಿಕ್ಷೆಯೆಂದು ಕರೆಯುವ ಸಹನೆ ಎಂದರೇನು? ಶಂಕರಾಚಾರ್ಯರದೆಂದು ಸಂಪ್ರದಾಯ ಹೇಳುವ ವಿವೇಕಚೂಡಾಮಣಿಯು, ಸರ್ವ ದುಃಖಗಳನ್ನೂ ಪ್ರತೀಕಾರವೆಣಿಸದೆ, ಚಿಂತೆಯಿಲ್ಲದೆ, ವಿಲಾಪವಿಲ್ಲದೆ ಸಹಿಸುವುದೇ ತಿತಿಕ್ಷೆಯೆನ್ನುತ್ತದೆ. ಇದನ್ನು ಅಕ್ಷರಶಃ ಗ್ರಹಿಸಿ ಉಣ್ಣೆಯ ಅಂಗಿಯನ್ನು ಕಳಚಿಟ್ಟ ಸವಾರನು ಜ್ಞಾನಿಯಾಗುವ ಮೊದಲೇ ಶವವಾಗುವನು. ಬೌದ್ಧರ ಸಬ್ಬಾಸವ ಸುತ್ತವು ಈ ತೊಡಕನ್ನು ಸೊಗಸಾಗಿ ಬಿಡಿಸಿದೆ: ಭಿಕ್ಷುವು ಚೀವರವನ್ನು ಶೀತನಿವಾರಣೆಗಾಗಿ ಬಳಸಬೇಕೆಂದು ಒಂದೆಡೆ ಹೇಳಿ, ಶೀತವನ್ನು ಸಹಿಸಿಯೇ ಕಳೆಯಬೇಕಾದ ಸಂದರ್ಭವನ್ನು ಇನ್ನೊಂದೆಡೆ ಹೇಳುತ್ತದೆ. ರನ್ನನ ಸ್ವಧರ್ಮವಾದ ಜೈನಮತವು ಇಪ್ಪತ್ತೆರಡು ಪರೀಷಹಗಳನ್ನು ಎಣಿಸುವಾಗ ಹಸಿವು ನೀರಡಿಕೆಗಳ ಬೆನ್ನಿಗೇ ಶೀತವನ್ನು ಇರಿಸಿದೆ; ಅವನ್ನು ಏಕೆ ಸಹಿಸಬೇಕೆಂಬುದಕ್ಕೆ ತತ್ತ್ವಾರ್ಥಸೂತ್ರವು ಕೊಡುವ ಎರಡು ಕಾರಣಗಳಲ್ಲಿ ಒಂದು ಕರ್ಮನಿರ್ಜರೆ, ಇನ್ನೊಂದು ಹಿಡಿದ ಮಾರ್ಗದಿಂದ ಜಾರದಿರುವುದು. ಈ ಎರಡನೆಯ ಕಾರಣವೇ ನಮಗಿಲ್ಲಿ ದಾರಿದೀಪ. ಸಾಧ್ಯವಿದ್ದ ಪ್ರತೀಕಾರವನ್ನೆಲ್ಲ ಮಾಡಿದ ಮೇಲೆಯೂ ಉಳಿಯುವ ಚಳಿಯೊಂದಿದೆಯಲ್ಲ, ಎಷ್ಟು ಗವಸು ತೊಟ್ಟರೂ ಬೆರಳ ತುದಿಯಲ್ಲಿ ನಿಲ್ಲುವ ಆ ಶೇಷ, ಅದನ್ನು ಗೊಣಗದೆ ಹೊತ್ತು ದಾರಿ ತಪ್ಪದೆ ಸಾಗುವಲ್ಲಿ ತಿತಿಕ್ಷೆ ಆರಂಭವಾಗುತ್ತದೆ.

ಗೀತೆಯ ಹದಿನೇಳನೆಯ ಅಧ್ಯಾಯವು ತಪಸ್ಸನ್ನು ಮೂರಾಗಿ ವಿಂಗಡಿಸಿ, ಫಲಾಪೇಕ್ಷೆಯಿಲ್ಲದ್ದನ್ನು ಸಾತ್ತ್ವಿಕವೆಂದೂ, ಸತ್ಕಾರ ಮಾನ ಪೂಜೆಗಳಿಗಾಗಿ ಮಾಡಿದ್ದನ್ನು ರಾಜಸವೆಂದೂ, ಮೂಢಾಗ್ರಹದಿಂದ ತನ್ನನ್ನೇ ಪೀಡಿಸಿಕೊಳ್ಳುವುದನ್ನು ಅಥವಾ ಪರರ ಕೇಡಿಗಾಗಿ ಮಾಡುವುದನ್ನು ತಾಮಸವೆಂದೂ ಕರೆದಿದೆ. ಚಿನ್ನಕ್ಕಾಗಿ ಹೊರಟ ಜೆಸ್ಸನ್ನನನ್ನು ತಪಸ್ವಿಯೆನ್ನಲು ಯಾರೂ ಮುಂದಾಗರು. ದಾಖಲೆಗಾಗಿ ಧ್ರುವಕ್ಕೆ ಹೊರಟವರಲ್ಲಿಯೂ ರಾಜಸದ ಅಂಶ ಇದ್ದೇ ಇರುತ್ತದೆ. ಆದರೂ ಹಿಮವು ಅವರಿಗೆ ಕಲಿಸುವ ಪಾಠ ಸಾತ್ತ್ವಿಕವಾದದ್ದು, ಏಕೆಂದರೆ ಅಲ್ಲಿ ಅಹಂಕಾರಕ್ಕೆ ಶಿಕ್ಷೆ ಮರುಜನ್ಮದವರೆಗೆ ಕಾಯುವುದಿಲ್ಲ. ಮುಂದಿನ ವಿಶ್ರಾಂತಿಯ ವೇಳೆಗೇ, ಒದ್ದೆ ಅಂಗಿಯ ರೂಪದಲ್ಲಿ, ಬಂದು ನಿಲ್ಲುತ್ತದೆ.

ಈ ವಿಚಾರವನ್ನು ಊರಿಗೆ ತಂದಾಗ ಒಂದು ಎಚ್ಚರಿಕೆ ಅವಶ್ಯವಾಗುತ್ತದೆ. ಕಬ್ಬು ನುರಿಸುವ ಹಂಗಾಮಿನಲ್ಲಿ ಬಾಡಗಂಡಿಯ ಸುತ್ತಲಿನ ಹೊಲಗಳಲ್ಲಿ, ಕಬ್ಬು ಕಡಿಯುವ ಗ್ಯಾಂಗಿನವರು ಬೆಳಕು ಹರಿಯುವ ಮುಂಚೆಯೇ ಇಬ್ಬನಿಗೆ ತೊಯ್ದ ರವದಿಯ ನಡುವೆ ಬರಿಗಾಲಲ್ಲಿ ನಿಂತಿರುತ್ತಾರೆ. ಎಳೆಗೂಸುಗಳು ಬದುವಿನ ಮೇಲೆ ಹಳೆಯ ಸೀರೆಯಲ್ಲಿ ಸುತ್ತಿಕೊಂಡು ಮಲಗಿರುತ್ತವೆ. ನಮ್ಮ ಥಂಡಿ ಧ್ರುವದ ಥಂಡಿಯ ಮುಂದೆ ಏನೂ ಅಲ್ಲವೆಂಬುದು ನಿಜ. ಆದರೆ ಧ್ರುವದ ಸವಾರನಿಗೆ ಜಿಪ್ಪನ್ನು ಸಡಿಲಿಸುವ ಅಧಿಕಾರ, ಒಣ ಕೋಟಿನ ಆಸರೆ, ಬೇಡವೆಂದಾಗ ಹಿಂದಿರುಗುವ ಸ್ವಾತಂತ್ರ್ಯ ಇವೆ, ಇವರಿಗೆ ಮುಕಾದಮನ ಕೂಗು ಮಾತ್ರ ಇದೆ. ಪ್ರತೀಕಾರದ ಶಕ್ತಿಯೇ ಇಲ್ಲದವನ ಸಹನೆಯನ್ನು ತಿತಿಕ್ಷೆಯೆಂದು ಹೊಗಳುವುದು ಶಾಸ್ತ್ರಕ್ಕೆ ಅಪಚಾರ, ಅವನಿಗೆ ಅನ್ಯಾಯ. ತಿತಿಕ್ಷೆಯು ತನಗೆ ತಾನು ವಿಧಿಸಿಕೊಳ್ಳತಕ್ಕ ವ್ರತ. ಮತ್ತೊಬ್ಬನಿಗೆ ಉಪದೇಶಿಸಿದ ಕ್ಷಣದಲ್ಲಿ ಅದು ಕ್ರೌರ್ಯವಾಗುತ್ತದೆ. ಆದುದರಿಂದ ಶೀತೋಷ್ಣ ಸಮತ್ವದ ಮೇಲೆ ಪ್ರವಚನ ಕೇಳಿ ಮನೆಗೆ ಮರಳುವ ಸಜ್ಜನರು, ತಮ್ಮ ಪಾಲಿನ ಚಳಿಯನ್ನು ಬೇಕಾದಷ್ಟು ಸಹಿಸಿಕೊಳ್ಳಲಿ. ಗ್ಯಾಂಗಿನ ಗುಡಿಸಲುಗಳಿಗೆ ಮಾತ್ರ ಈ ಹಂಗಾಮು ಮುಗಿಯುವ ಮೊದಲೇ ಒಂದೊಂದು ಕಂಬಳಿಯನ್ನು ಮುಟ್ಟಿಸಲಿ.