ಯಾರ ಪರವಾಗಿ ಒಪ್ಪುವುದು?

ಹೈದರಾಬಾದಿನ ನಮ್ಮ ಕನ್ನಡ ಗೆಳೆಯರ ಬಳಗದಲ್ಲಿ ಪ್ರವಾಸದ ಯೋಜನೆ ಸದಾ ನನ್ನ ಪಾಲಿಗೇ. ಪ್ರಾಜೆಕ್ಟ್ ಮ್ಯಾನೇಜರ್ ಆಗಿರುವ ತಪ್ಪಿಗೆ! ಈ ಸಲ ಗೋದಾವರಿಯಲ್ಲಿ ಒಂದು ದಿನದ ದೋಣಿಯಾನ, ರಾಜಮಂಡ್ರಿ ಕಡೆಯಿಂದ ಪಾಪಿಕೊಂಡಲು ಬೆಟ್ಟಗಳ ನಡುವೆ. ಎಕ್ಸೆಲ್ ಹಾಳೆಯಲ್ಲಿ 14 ಹೆಸರು, ರೈಲು, ಊಟ ಎಲ್ಲ ತುಂಬಿದೆ. ‘ಅಪಾಯ’ ಎಂಬ ಕಾಲಂ ಬಂದಾಗ ಕೈ ನಿಂತಿತು.

2019ರ ಸೆಪ್ಟೆಂಬರ್ 15ರಂದು ಇದೇ ದಾರಿಯಲ್ಲಿ, ಕಚ್ಚುಲೂರಿನ ಬಳಿ, ತುಂಬಿ ಹರಿಯುತ್ತಿದ್ದ ನದಿಯಲ್ಲಿ ಪ್ರವಾಸಿ ದೋಣಿ ಮುಳುಗಿ ಹತ್ತಾರು ಜನ ಸತ್ತರು. ಅವರ ಟಿಕೆಟನ್ನೂ ಯಾರೋ ನನ್ನಂತೆಯೇ ಉತ್ಸಾಹದಿಂದ ಮಾಡಿಸಿರಬೇಕು.

ಆಫೀಸಿನಲ್ಲಾದರೆ ‘ಸಂಭವ ಕಡಿಮೆ, ಒಪ್ಪಬಹುದು’ ಎಂದು ಬರೆದು ಮುಂದೆ ಹೋಗುತ್ತೇನೆ. ಅಲ್ಲಿ ಮುಳುಗುವುದು ಗಡುವು ಮಾತ್ರ. ನನ್ನ ಜೀವದ ಅಪಾಯವನ್ನು ನಾನು ಒಪ್ಪಬಹುದು. ‘ನೀನು ನೋಡ್ಕೋತೀಯಲ್ಲ’ ಎಂದು ಏನೂ ಕೇಳದೆ ಹೊರಟವರ ಪರವಾಗಿ ಒಪ್ಪುವ ಹಕ್ಕು ಎಲ್ಲಿಂದ ಬಂತು? ಹೋಗದೇ ಇರುವುದೂ ಉತ್ತರವಲ್ಲ, ರಸ್ತೆಯಲ್ಲೂ ಅಪಾಯವಿದೆ. ಆದರೆ ನಂಬಿಕೆಯನ್ನೇ ಒಪ್ಪಿಗೆ ಎಂದುಕೊಳ್ಳಬಾರದು.

ಬಳಗಕ್ಕೆ ಎಲ್ಲವನ್ನೂ ಬರೆದೆ: ಮಳೆಗಾಲ ಬೇಡ, ಡಿಸೆಂಬರ್‌ನಲ್ಲಿ ಹೋಗೋಣ, ನೀರು ಹೆಚ್ಚಿದ್ದರೆ ಹಣ ಹೋದರೂ ದಡದಿಂದಲೇ ವಾಪಸ್, ಲೈಫ್ ಜಾಕೆಟ್ ಫೋಟೋಗೂ ಬಿಚ್ಚುವಂತಿಲ್ಲ, 2019ರಲ್ಲಿ ಹೀಗಾಗಿತ್ತು.

ಇಬ್ಬರು ಹಿಂದೆ ಸರಿದರು. ಬೇಸರವಾಯಿತು, ನಿಜ. ಉಳಿದ 12 ಮಂದಿ ತಿಳಿದೇ ಹೊರಟಿದ್ದೇವೆ.